ಕೃಷ್ಣೆಗೆ ಎದುರಾಗಿ ಏರುವ ಹಗಲುಗಾಡಿ

ರಾತ್ರಿ ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಮುಂಬೈ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮಗೆಲ್ಲ ರೈಲು ಪ್ರಯಾಣ ಎಂದರೆ ಇಷ್ಟೇ ಆಗಿಬಿಟ್ಟಿದೆ. ಮಳೆಗಾಲದ ಒಂದು ದಿನ ಕೊಯ್ನಾ ಎಕ್ಸ್‌ಪ್ರೆಸ್ಸಿನ ಕಿಟಕಿಗೆ ಕೂತು ನೋಡಿ! ನಮ್ಮ ಹೊಳೆ, ನಮ್ಮ ದೇವರು, ನಮ್ಮ ನೇಗಿಲು ಎಲ್ಲವೂ ಈ ಹಳಿಯ ಪಕ್ಕದಲ್ಲೇ ಇವೆ.

ಕುಡಚಿ ಬಿಟ್ಟ ಪ್ಯಾಸೆಂಜರ್ ಗಾಡಿ ಸೇತುವೆ ಹತ್ತುವ ಮೊದಲೇ ಬೋಗಿಯೊಳಗಿನ ಗದ್ದಲ ತಾನಾಗಿ ಇಳಿಯಿತು. ಮೊಬೈಲಿನಲ್ಲಿ ಮುಳುಗಿದ್ದ ಹುಡುಗರೂ ಕಿಟಕಿಗೆ ಮುಖ ಹಚ್ಚಿದರು. ಗಾಲಿಯ ತಾಳ ಬದಲಾಯಿತು. ಕೆಳಗೆ ಶ್ರಾವಣದ ಕೃಷ್ಣೆ. ಮಣ್ಣು ಕಲಸಿದ ನೀರು ಎರಡೂ ದಡದ ಕಬ್ಬಿನ ಬುಡಕ್ಕೆ ಬಂದು ನಿಂತಿತ್ತು.

ಎದುರಿಗೆ ಕೂತಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದಳು. ಹಣೆಗೆ ಒತ್ತಿಕೊಂಡು ಕಿಟಕಿಯ ಸರಳಿನ ಸಂದಿಯಿಂದ ಹೊಳೆಗೆ ಬಿಟ್ಟಳು. “ಹೊಲದ ತನಕ ಬರಬ್ಯಾಡ ತಾಯಿ, ಅಲ್ಲೇ ಇರು” ಎಂದಳು. ಜುಗೂಳದ ಕಡೆಯವಳು. 2019ರ ಆಗಸ್ಟಿನ ಮಹಾಪೂರದಲ್ಲಿ ದನ ಬಿಚ್ಚಿಕೊಂಡು, ಮನೆಗೆ ಕೀಲಿ ಸಹ ಹಾಕದೆ ಹೊರಟುಬಂದ ಮನೆಯವಳು.

ಪಕ್ಕದಲ್ಲಿದ್ದ ಮೊಮ್ಮಗ ಕೇಳಿದ: “ಆಯಿ, ಇಷ್ಟ ನೀರು ಎಲ್ಲಿಂದ ಬರತೈತಿ?”

“ಕೊಯ್ನಾದಿಂದ.”

“ಕೊಯ್ನಾ ಎಲ್ಲಿ ಐತಿ?”

“ಮ್ಯಾಲ” ಎಂದಳು ಅಜ್ಜಿ. ಉಗಾರ ಬಂತು, ಇಬ್ಬರೂ ಇಳಿದುಹೋದರು.

ಆ ‘ಮ್ಯಾಲ’ ನನ್ನ ತಲೆಯಲ್ಲೇ ಉಳಿಯಿತು. ಮಳೆಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ಕೊಯ್ನಾದಿಂದ ಎಷ್ಟು ಕ್ಯುಸೆಕ್ ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಹರಿಯಿತು, ಕಲ್ಲೋಳ–ಯಡೂರು ಸೇತುವೆ ಮುಳುಗಿತೋ ಇಲ್ಲವೋ ಎಂಬುದೇ ಮಾತು. ಆ ಹೆಸರುಗಳನ್ನು ದಿನಕ್ಕೆ ನಾಲ್ಕು ಸಲ ಹೇಳುವ ನಮ್ಮಲ್ಲಿ ಆ ದಾರಿಯನ್ನು ಕಣ್ಣಾರೆ ಕಂಡವರು ಕಡಿಮೆ. ಮುಂಬೈಗೆ ನೂರು ಸಲ ಹೋದವರೂ ಕಂಡಿರುವುದಿಲ್ಲ. ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಮಿರಜಿನಿಂದ ರಾತ್ರಿ ಹೊರಡುತ್ತದೆ. ಕತ್ತಲಲ್ಲಿ ಎಲ್ಲವೂ ಹಿಂದೆ ಸರಿದುಬಿಡುತ್ತದೆ.

ನನಗೆ ಸಣ್ಣಂದಿನಿಂದ ರೈಲಿನ ಹುಚ್ಚು. ರಾಯಬಾಗ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಬಂದ ಗಾಡಿ ಹೋದ ಗಾಡಿಯ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಆಗ ಇದು ಮೀಟರ್ ಗೇಜ್ ದಾರಿ. ಈಗ ಮೇಲೆ ವಿದ್ಯುತ್ ತಂತಿ, ಪಕ್ಕದಲ್ಲಿ ಜೋಡಿ ಹಳಿ. ಹುಚ್ಚು ಮಾತ್ರ ಹಾಗೇ ಇದೆ. ಆ ರಾತ್ರಿ ಮಿರಜಿನಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅತ್ತೆ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ಬಂದೆ.

ಊರೊಂದು, ಸ್ಟೇಷನ್ನೊಂದು

ನಮ್ಮ ಐದು ತಾಲ್ಲೂಕುಗಳಿಗೂ ರೈಲಿಗೂ ಇರುವ ನಂಟು ವಿಚಿತ್ರ. ಹಳಿ ಹಾಯುವುದು ರಾಯಬಾಗ ಮತ್ತು ಕಾಗವಾಡದ ನೆಲದ ಮೇಲೆ: ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ. ಅಥಣಿ ಊರಿಗೆ ಹಳಿ ಇಲ್ಲ. ಅಲ್ಲಿನವರು ಕುಡಚಿಗೋ ಉಗಾರಕ್ಕೋ ಬರಬೇಕು, ಇಲ್ಲವೆ ಕಾಗವಾಡದ ಮೇಲೆ ಹಾದು ಮಿರಜಿಗೆ ಬಸ್ಸು ಹಿಡಿಯಬೇಕು. ನಿಪ್ಪಾಣಿಯವರಿಗೆ ಹೆದ್ದಾರಿಯಲ್ಲಿ ಒಂದು ತಾಸಿನ ಕೊಲ್ಹಾಪುರವೇ ರೈಲಿನ ಊರು. ಚಿಕ್ಕೋಡಿಗೆ ಹೆಸರೇನೋ ಇದೆ, ‘ಚಿಕ್ಕೋಡಿ ರೋಡ್’ ಎಂದು. ಬ್ರಿಟಿಷರ ಕಾಲದ ರೈಲ್ವೆ ಲೆಕ್ಕದಲ್ಲಿ ‘ರೋಡ್’ ಎಂದರೆ ಊರು ಇಲ್ಲಿಲ್ಲ, ಇಲ್ಲಿಂದ ಆ ಊರಿಗೆ ರಸ್ತೆ ಇದೆ ಎಂದರ್ಥ. ಗೋಕಾಕ ರೋಡ್ ಕೂಡ ಹಾಗೆಯೇ.

ಈ ದಾರಿ ಹುಟ್ಟಿದ್ದು ಹಸಿವಿನಿಂದ. 1876ರಿಂದ 78ರವರೆಗಿನ ಘೋರ ಬರದಲ್ಲಿ ದಖನ್ನಿನ ಹಳ್ಳಿಗಳಿಗೆ ಕಾಳು ಸಾಗಿಸಲು ದಾರಿಯೇ ಇರಲಿಲ್ಲ. ಅದಾದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಪುಣೆಯಿಂದ ಮಿರಜ್, ಬೆಳಗಾವಿ ಹಾದು ಲೋಂಡಾದವರೆಗೆ ಹಳಿ ಹಾಸುವ ಕೆಲಸ ನಡೆದಿತ್ತು. ಹೆಸರಿನಲ್ಲಿ ಮರಾಠಾ ಇದ್ದರೂ ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಇಂದು ಕರ್ನಾಟಕ ಕಾಲೇಜು ಇರುವ ಕಟ್ಟಡವೇ ಅಂದಿನ ರೈಲ್ವೆ ಕಚೇರಿ. ಕೊಲ್ಹಾಪುರ–ಮಿರಜ್ ಹಳಿಯನ್ನು ಕೊಲ್ಹಾಪುರ ಸಂಸ್ಥಾನವೇ ಹಾಕಿಸಿತು. ಅದು ಶುರುವಾದದ್ದು 1891ರಲ್ಲಿ. ರಾಯಬಾಗವೂ ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು.

━━ ಒಂದು ಸ್ಟೇಷನ್, ಮೂರು ಗೇಜ್ ━━
*ರೈಲಿನ ಹುಚ್ಚು ಇರುವವರಿಗೆ ಮಿರಜ್ ತೀರ್ಥಕ್ಷೇತ್ರ. ಪುಣೆ ಕಡೆಯಿಂದ ಬ್ರಾಡ್ ಗೇಜ್ (1,676 ಮಿ.ಮೀ.), ಬೆಳಗಾವಿ–ಬೆಂಗಳೂರು ಕಡೆಯಿಂದ ಮೀಟರ್ ಗೇಜ್ (1,000 ಮಿ.ಮೀ.), ಪಂಢರಪುರ–ಲಾತೂರ್ ಕಡೆಯಿಂದ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋ ಗೇಜ್ (762 ಮಿ.ಮೀ.). ಮೂರೂ ಅಳತೆಯ ಗಾಡಿಗಳು ಇಲ್ಲಿ ಕೂಡುತ್ತಿದ್ದವು.*
*ಬಾರ್ಸಿಯ ಪುಟ್ಟ ಗಾಡಿ 1897ರಲ್ಲಿ ಶುರುವಾಗಿ, 1906ರಲ್ಲಿ ಪಂಢರಪುರ ಮುಟ್ಟಿ, 1927ರಲ್ಲಿ ಮಿರಜಿಗೆ ಬಂತು. ನಮ್ಮ ಕಡೆಯ ಎಷ್ಟೋ ವಾರಕರಿಗಳು ವಿಠ್ಠಲನನ್ನು ಕಂಡದ್ದು ಅದರಲ್ಲಿ ಹೋಗಿ.*
*ಪುಣೆ–ಮಿರಜ್ ಹಳಿ 1970ರ ದಶಕದ ಆರಂಭದಲ್ಲಿ ಬ್ರಾಡ್ ಗೇಜ್ ಆಯಿತು. ಬೆಳಗಾವಿ ಕಡೆಯ ಮೀಟರ್ ಗೇಜ್ 1990ರ ದಶಕದಲ್ಲಿ ಹೋಯಿತು. ಪಂಢರಪುರದ ನ್ಯಾರೋ ಗೇಜ್ ಹಳಿಯೂ ಕೊನೆಗೆ ಅಗಲವಾಯಿತು.*

ಮಿರಜ್ ನಮಗೆ ಬರೀ ಗಾಡಿ ಬದಲಿಸುವ ಊರಲ್ಲ. ಡಾಕ್ಟರ್ ವಾನ್‌ಲೆಸ್ 1894ರಲ್ಲಿ ಕಟ್ಟಿದ ಆಸ್ಪತ್ರೆಯ ಕಾಲದಿಂದಲೂ ‘ದವಾಖಾನಿಗೆ ಹೋಗುವುದು’ ಎಂದರೆ ನಮ್ಮಲ್ಲಿ ಮಿರಜಿಗೆ ಹೋಗುವುದೇ. ತಂಬೂರಿ, ಸಿತಾರ್ ಮಾಡುವ ಮನೆಗಳಿರುವ ಊರು ಇದು. ಇಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹಾಡಲು ಹೋಗುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಕಿರಾಣಾ ಘರಾಣೆಯ ಗಾಯನ ನಮ್ಮ ನೆಲದಲ್ಲಿ ಬೇರುಬಿಟ್ಟದ್ದು ಹಾಗೆ. ಅವರ ಕೊನೆಯೂ ಆದದ್ದು ರೈಲು ದಾರಿಯಲ್ಲೇ, 1937ರಲ್ಲಿ, ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ. ಸಮಾಧಿ ಮಿರಜಿನ ದರ್ಗಾದಲ್ಲಿದೆ.

2016ರ ಏಪ್ರಿಲ್‌ನಲ್ಲಿ ಇದೇ ಸ್ಟೇಷನ್ನಿನಿಂದ ನೀರಿನ ರೈಲು ಹೊರಟಿತು. ಲಾತೂರಿನಲ್ಲಿ ಕುಡಿಯಲು ಹನಿ ಇರಲಿಲ್ಲ. ಹತ್ತು ವ್ಯಾಗನ್, ಒಂದೊಂದರಲ್ಲಿ 50 ಸಾವಿರ ಲೀಟರ್ ಕೃಷ್ಣೆಯ ನೀರು, ಸುಮಾರು 340 ಕಿಲೋಮೀಟರ್ ದೂರ. ನಮ್ಮನ್ನು ಮುಳುಗಿಸುವ ಹೊಳೆಯೇ ಇನ್ನೊಂದು ಊರಿನ ಗಂಟಲು ತೋಯಿಸಿತು. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುತ್ತಾ ನನಗೆ ಅದೇ ನೆನಪು.

ಒಂಬತ್ತರ ಆಸುಪಾಸಿಗೆ ಕೊಲ್ಹಾಪುರದಿಂದ ಕೊಯ್ನಾ ಬಂತು. ನಿಪ್ಪಾಣಿಯ ನಾಲ್ಕೈದು ಜನ ಆಗಲೇ ಒಳಗಿದ್ದರು, ಭಡಂಗದ ಪೊಟ್ಟಣ ಬಿಚ್ಚಿ ಕೂತಿದ್ದರು. ನನಗೆ ಕಿಟಕಿ ಸಿಕ್ಕಿತು.

ಬೆಳಗಾವಿಯಿಂದ ಹೊರಟ ನೇಗಿಲು

ಸಾಂಗಲಿ ದಾಟಿದ ಮೇಲೆ ಅರಿಷಿಣದ ಹೊಲ, ಕಬ್ಬು, ದ್ರಾಕ್ಷಿಯ ಚಪ್ಪರ. ಅಥಣಿಯಿಂದ ಯಾರಾದರೂ ಕಣ್ಣು ಮುಚ್ಚಿಕೊಂಡು ಬಂದು ಇಲ್ಲಿ ಕಣ್ಣು ಬಿಟ್ಟರೆ ತಮ್ಮೂರು ಬಿಟ್ಟೇ ಇಲ್ಲ ಎಂದುಕೊಂಡಾರು. ಬೋರ್ಡಿನ ಲಿಪಿ ಬದಲಾಗಿದೆ, ಬೆಳೆ ಬದಲಾಗಿಲ್ಲ. ಮಣ್ಣೂ ಅದೇ ಎರೆ.

ಭಿಲವಡಿ ಆಗಿ ಕಿರ್ಲೋಸ್ಕರವಾಡಿ. ಇಲ್ಲಿ ನಾನು ಬಾಗಿಲಿಗೆ ಎದ್ದು ಬಂದೆ. ಈ ಸ್ಟೇಷನ್ನಿನ ಹೆಸರಿನಲ್ಲಿ ನಮ್ಮ ಜಿಲ್ಲೆಯ ಕಥೆಯೊಂದು ಅಡಗಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ಹೊಕ್ಕರೆ ನೆಲಕ್ಕೆ ವಿಷವೇರುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲ. ಮೊದಲ ನೇಗಿಲುಗಳನ್ನು ಮಾರಲು ಅವರು ವರ್ಷಗಟ್ಟಲೆ ತಿರುಗಿದರು.

ಊರು ಬೆಳೆಯಲು ಅವರ ಕಾರ್ಖಾನೆಯ ಜಾಗ ಬೇಕೆಂದು ಬೆಳಗಾವಿ ಅವರನ್ನು ಎಬ್ಬಿಸಿತು. ಔಂಧ ಸಂಸ್ಥಾನದ ರಾಜರು ಕುಂಡಲ ಗ್ರಾಮದ ಹತ್ತಿರ, ಪಾಪಾಸುಕಳ್ಳಿ ಬೆಳೆದ ಬರಡು ಜಾಗ ಕೊಟ್ಟು ಕರೆದರು. 1910ರಲ್ಲಿ ಇಡೀ ಕಾರ್ಖಾನೆ ಇಲ್ಲಿಗೆ ಬಂತು. ಇವತ್ತು ಕೃಷ್ಣೆಯ ದಂಡೆಯಲ್ಲಿ ನೀರೆತ್ತುವ ಪಂಪುಗಳಲ್ಲಿ ಎಷ್ಟೋ ಈ ಊರಿನವು. ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು ಬೆಳೆಯುವುದೂ ಅಂಥ ಪಂಪಿನ ನೀರಿನಲ್ಲಿ. ಗಾಡಿ ಒಂದು ನಿಮಿಷ ನಿಂತು ಹೊರಟಿತು. ಬೆಳಗಾವಿ ಕಳೆದುಕೊಂಡ ದೊಡ್ಡ ಭಾಗ್ಯ ಇದು ಎಂದೇ ನನ್ನ ಎಣಿಕೆ.

ಕರಾಡ ಸ್ಟೇಷನ್ ಇರುವುದು ಓಗಲೆವಾಡಿಯಲ್ಲಿ. ಕರೆಂಟು ಬರುವ ಮುಂಚೆ ನಮ್ಮ ಮನೆಗಳಲ್ಲಿ ತೂಗುತ್ತಿದ್ದ ‘ಪ್ರಭಾಕರ’ ಕಂದೀಲು ತಯಾರಾಗುತ್ತಿದ್ದ ಊರು. ನನ್ನಜ್ಜಿ ಸಂಜೆಗೆ ಬೂದಿ ಹಚ್ಚಿ ಗಾಜು ಒರೆಸುತ್ತಿದ್ದಳು. ಗಾಜಿನ ಮೇಲಿನ ಆ ಅಕ್ಷರಗಳನ್ನು ಬೆರಳಿನಿಂದ ತಡವುತ್ತಿದ್ದದ್ದು ಇನ್ನೂ ನೆನಪಿದೆ.

ಎರಡು ಹೊಳೆ ಎದುರಾಬದುರು

ಕರಾಡದಲ್ಲೇ ಅಜ್ಜಿಯ ‘ಮ್ಯಾಲ’ಕ್ಕೆ ಅರ್ಧ ಉತ್ತರ ಸಿಕ್ಕಿತು.

ಕೃಷ್ಣೆ, ಕೊಯ್ನಾ ಎರಡೂ ಹುಟ್ಟುವುದು ಮಹಾಬಲೇಶ್ವರದ ಗುಡ್ಡದಲ್ಲಿ. ಕೃಷ್ಣೆ ಪೂರ್ವಕ್ಕೆ ಇಳಿದು ವಾಯಿಯ ಮೇಲೆ ಹಾದು ಬರುತ್ತಾಳೆ. ಕೊಯ್ನಾ ಸಹ್ಯಾದ್ರಿಯ ಬೆನ್ನಿಗೆ ಅಂಟಿಕೊಂಡು ದಕ್ಷಿಣಕ್ಕೆ ಹರಿದು, ಆಮೇಲೆ ಪೂರ್ವಕ್ಕೆ ತಿರುಗುತ್ತಾಳೆ. ಕರಾಡದಲ್ಲಿ ಇಬ್ಬರೂ ಎದುರಾಬದುರಾಗಿ ಬಂದು ಕೂಡುತ್ತಾರೆ, ಬೇರೆ ದಾರಿ ಹಿಡಿದ ಅಕ್ಕತಂಗಿಯರು ಜಾತ್ರೆಯಲ್ಲಿ ಸಿಕ್ಕ ಹಾಗೆ. ಊರಿನವರು ಅದನ್ನು ಪ್ರೀತಿ ಸಂಗಮ ಎನ್ನುತ್ತಾರೆ. ರೈಲಿನಿಂದ ಸಂಗಮ ಕಾಣುವುದಿಲ್ಲ. ಆದರೆ ಪಶ್ಚಿಮಕ್ಕೆ ನೋಡಿದರೆ ಮೋಡ ಮುಚ್ಚಿದ ಸಹ್ಯಾದ್ರಿಯ ಗೋಡೆ ಕಾಣುತ್ತದೆ. ಆ ಮೋಡದ ಅಡಿಯಲ್ಲೇ ಕೊಯ್ನಾ ಅಣೆಕಟ್ಟು ಇದೆ. 105 ಟಿಎಂಸಿ ನೀರು ಹಿಡಿಯುವ ಶಿವಸಾಗರ ಜಲಾಶಯ.

ಅಲ್ಲಿ ತುಂಬಿ ಗೇಟು ಎತ್ತಿದರೆ ನೀರು ಕರಾಡ, ಸಾಂಗಲಿ ದಾಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು, ಕಲ್ಲೋಳದಲ್ಲಿ ದೂಧಗಂಗೆಯನ್ನೂ ಸೇರಿಸಿಕೊಂಡು ನಮ್ಮ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿಯ ಹೊಲಗಳಿಗೆ ಬರುತ್ತದೆ. 2005, 2019, 2021. ಈ ಮೂರು ವರ್ಷಗಳನ್ನು ನಮ್ಮ ಹೊಳೆದಂಡೆಯ ಹಳ್ಳಿಯವರು ಮಕ್ಕಳ ಹುಟ್ಟಿದ ವರ್ಷದಷ್ಟೇ ಗಟ್ಟಿಯಾಗಿ ನೆನಪಿಟ್ಟಿದ್ದಾರೆ.

ಕ್ಯುಸೆಕ್ ಲೆಕ್ಕ ಟಿವಿಯಲ್ಲಿ ಓದಿದಾಗ ಮನಸ್ಸಿಗೆ ಹತ್ತುವುದು ಭಯ ಒಂದೇ. ಆ ಮೋಡ, ಆ ಗುಡ್ಡ, ನಡುವೆ ಹರಡಿದ ಊರುಗಳನ್ನು ಕಣ್ಣಿನಿಂದ ನೋಡಿದರೆ ಬೇರೊಂದು ತಿಳಿಯುತ್ತದೆ. ಮೇಲಿನವರೂ ನಮ್ಮಂತೆಯೇ ಹೊಳೆಯನ್ನು ನಂಬಿದವರು, ಅದೇ ಹೊಳೆಗೆ ಹೆದರುವವರು. ಸಾಂಗಲಿಯ ಪೇಟೆಯೂ 2019ರಲ್ಲಿ ಮುಳುಗಿತ್ತು.

ಮಳೆಹನಿ ಎತ್ತ ಹೋಗುತ್ತದೆ?

ಸಾತಾರದಲ್ಲಿ ಕಂದಿ ಪೇಢೆ. ಹಾಲು ಸುಟ್ಟ ಕಮಟಿನ ಆ ರುಚಿ ಬೇರೆಲ್ಲೂ ಸಿಗುವುದಿಲ್ಲ. ನಿಪ್ಪಾಣಿಯ ಕಾಕಾ ಒಬ್ಬರು ಪೊಟ್ಟಣ ಬಿಚ್ಚಿ ಸಾಲಿನವರಿಗೆಲ್ಲ ಕೊಟ್ಟರು. ನಾನು ರೊಟ್ಟಿ, ಹಿಂಡಿ ಕೊಟ್ಟೆ.

ಮುಂದಿನದು ವಾಠಾರ. ಮಹಾಬಲೇಶ್ವರ, ಪಂಚಗಣಿಗೆ ಹೋಗುವ ಸಾಹೇಬರು ಹಿಂದೆ ಇಳಿಯುತ್ತಿದ್ದ ಸ್ಟೇಷನ್. ಇಲ್ಲಿಂದ ಆದರ್ಕಿಯವರೆಗಿನ ದಾರಿಯನ್ನು ನನ್ನ ಮಟ್ಟಿಗೆ ಇಡೀ ಪ್ರಯಾಣದ ಹೃದಯ ಎನ್ನುತ್ತೇನೆ. ಬೋರ್ ಘಾಟಿನ ಹೆಸರು ದೊಡ್ಡದು, ನಿಜ. ಆದರೂ ನನ್ನ ಮನಸ್ಸು ನಿಲ್ಲುವುದು ಇಲ್ಲಿಯೇ.

ಗುಡ್ಡಗಳ ತಲೆ ಚಪ್ಪಟೆ, ಪಕ್ಕ ಮೆಟ್ಟಿಲು ಮೆಟ್ಟಿಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ಆರಿ ಆದ ಬಸಾಲ್ಟ್ ಕಲ್ಲು ಇದು. ನಮ್ಮ ಎರೆ ಮಣ್ಣು ಅದೇ ಕಲ್ಲಿನ ಪುಡಿ. ಮಳೆಗಾಲದಲ್ಲಿ ಒಂದೊಂದು ಮೆಟ್ಟಿಲಿಗೂ ಹಸಿರು ಅಂಚು. ಗಾಡಿ ಬಳುಕುತ್ತದೆ, ತಿರುವಿನಲ್ಲಿ ಎಂಜಿನ್ ಒಂದು ಕಿಟಕಿಯಲ್ಲಿ, ಕೊನೆಯ ಬೋಗಿ ಇನ್ನೊಂದು ಕಿಟಕಿಯಲ್ಲಿ. ಹಿಂದೆ ಡೀಸೆಲ್ ಎಂಜಿನ್ ಎಳೆಯುತ್ತಿದ್ದಾಗ ಈ ಏರಿನಲ್ಲಿ ಅದರ ಏದುಸಿರು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು. ಈಗ ಕರೆಂಟಿನ ಎಂಜಿನ್ ಸದ್ದಿಲ್ಲದೆ ಎಳೆಯುತ್ತದೆ. ಆ ಹಳೆಯ ಸದ್ದು ನನಗೆ ಬೇಕಿತ್ತು.

ಈ ಏಣು ಎರಡು ಹೊಳೆಗಳ ಗಡಿ. ವಾಠಾರದ ಕಡೆ ಬಿದ್ದ ಮಳೆ ಹಳ್ಳ ಹಿಡಿದು ಕೃಷ್ಣೆಗೆ ಸೇರಿ, ಕೆಲವು ದಿನಗಳಲ್ಲಿ ನಮ್ಮ ಕುಡಚಿ ಸೇತುವೆಯ ಕೆಳಗೆ ಹಾಯುತ್ತದೆ. ಆದರ್ಕಿಯ ಕಡೆ ಬಿದ್ದದ್ದು ನೀರಾ ನದಿಗೆ ಹೋಗುತ್ತದೆ. ನೀರಾ ಹೋಗಿ ಭೀಮೆಗೆ ಸೇರುತ್ತದೆ. ಭೀಮೆ ಪಂಢರಪುರದ ಮೇಲೆ ಬಂದು, ಕಲಬುರಗಿ ಜಿಲ್ಲೆ ದಾಟಿ, ರಾಯಚೂರಿನ ಹತ್ತಿರ ಕೃಷ್ಣೆಯ ಮಡಿಲಿಗೆ ಬೀಳುತ್ತಾಳೆ. ಒಂದೇ ಬಂಡೆಯ ಮೇಲೆ ಬಿದ್ದು ಸಿಡಿದ ಎರಡು ಹನಿ, ಒಂದು ಕುಡಚಿ ನೋಡಿಕೊಂಡು ಇನ್ನೊಂದು ಪಂಢರಪುರ ನೋಡಿಕೊಂಡು, ಕೊನೆಗೆ ಕರ್ನಾಟಕದಲ್ಲಿ ಮತ್ತೆ ಒಂದಾಗುತ್ತವೆ.

ಕಿಟಕಿಯ ಗಾಜಿನ ಮೇಲೆ ಹನಿ ಜಾರುತ್ತಿದ್ದವು. ಅಜ್ಜಿಯ ಮೊಮ್ಮಗ ಪಕ್ಕದಲ್ಲಿ ಇರಬೇಕಿತ್ತು ಅನಿಸಿತು. ಭೂಗೋಳದ ಪುಸ್ತಕದಲ್ಲಿ ‘ಜಲಾನಯನ ಪ್ರದೇಶ’ ಎಂದು ಉರುಹೊಡೆಯುವ ಮಕ್ಕಳನ್ನು ಒಂದು ದಿನ ಇಲ್ಲಿ ಕರೆತಂದು ತೋರಿಸಿದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ.

ಏಳು ಕೋಟಿಯ ದೇವರು

ಲೋಣಂದ, ನೀರಾ ಆದ ಮೇಲೆ ಬೋಗಿಯಲ್ಲಿ ಗಂಡಹೆಂಡತಿ ಇಬ್ಬರು ಚೀಲ ಸರಿಮಾಡಿಕೊಂಡು ಎದ್ದರು. ಕಂಬಳಿ, ಹಿತ್ತಾಳೆಯ ಭಂಡಾರದ ಬಟ್ಟಲು. ನೋಡಿದ ಕೂಡಲೇ ನಮ್ಮ ಕಡೆಯವರೆಂದು ಗೊತ್ತಾಯಿತು.

“ಎಲ್ಲಿಗೆ ಹೊಂಟೀರಿ ಮಾಮಾ?”

“ಜೇಜುರಿಗೆ. ಹರಕೆ ಇತ್ತು.”

“ಯಾವೂರು?”

“ಮಂಗಸೂಳಿ ಹತ್ರ. ಅಲ್ಲೂ ಅವನೇ, ಇಲ್ಲೂ ಅವನೇರಿ. ಅಲ್ಲಿಗೆ ನಾವು ದಿನಾ ಹೋಗ್ತೇವಿ. ಇಲ್ಲಿಗೆ ಅವ ಕರದಾಗ ಬರ್ತೇವಿ.”

ಕಾಗವಾಡ ತಾಲ್ಲೂಕಿನ ಮಂಗಸೂಳಿಯ ಖಂಡೋಬಾ ಗುಡಿ ಈ ದೇವರ ಮುಖ್ಯ ಕ್ಷೇತ್ರಗಳಲ್ಲೊಂದು. ಮರಾಠಿಗರಿಗೆ ಖಂಡೋಬಾ, ನಮಗೆ ಮೈಲಾರಲಿಂಗ. ಧನಗರರೂ ಕುರುಬರೂ ಒಂದೇ ಭಂಡಾರ ಹಚ್ಚಿಕೊಳ್ಳುತ್ತಾರೆ. ಜೇಜುರಿಯ ಮೆಟ್ಟಿಲ ಮೇಲೆ ಲಕ್ಷಾಂತರ ಮರಾಠಿ ಭಕ್ತರು ‘ಯೇಳಕೋಟ’ ಎಂದು ಕೂಗುತ್ತಾರಲ್ಲ, ಅದು ನಮ್ಮ ‘ಏಳು ಕೋಟಿ’ಯೇ. ಮೈಲಾರನ ಪಡೆ ಏಳು ಕೋಟಿ ಎಂಬ ನಂಬಿಕೆ. ಕನ್ನಡದ ಎರಡು ಶಬ್ದ ಮಹಾರಾಷ್ಟ್ರದ ಅತಿ ದೊಡ್ಡ ಜಾತ್ರೆಯೊಂದರ ಘೋಷಣೆಯಾಗಿ ಇವತ್ತಿಗೂ ಗುಡ್ಡದ ಮೇಲೆ ಮೊಳಗುತ್ತಿದೆ.

ಗಡಿಯ ಬಗ್ಗೆ ಎಷ್ಟು ಜಗಳ ಕೇಳಿದ್ದೇವೆ, ಎಷ್ಟು ಬಂದ್ ನೋಡಿದ್ದೇವೆ. ಗಡಿ ತಾಲ್ಲೂಕಿನಲ್ಲಿ ಹುಟ್ಟಿದ ನನಗೆ ಆ ಗಂಡಹೆಂಡತಿ ಇಳಿದ ರೀತಿ ತುಂಬ ದಿನ ಮರೆಯುವುದಿಲ್ಲ. ಇಳಿಯುವ ಮೊದಲು ಆಯಿ ಬಟ್ಟಲಿಗೆ ಬೆರಳದ್ದಿ ನನ್ನ ಹಣೆಗೆ, ಪಕ್ಕದ ಪುಣೆಯ ಹುಡುಗನ ಹಣೆಗೆ, ಎದುರಿನ ಕರಾಡದ ಹೆಂಗಸಿನ ಹಣೆಗೆ ಭಂಡಾರ ಹಚ್ಚಿದಳು. ಯಾರ ಮಾತು ಯಾವುದು ಎಂದು ಕೇಳಲಿಲ್ಲ. ಎಲ್ಲರೂ ತಲೆ ಬಾಗಿಸಿದರು. ಬಲು ಹೊತ್ತು ಬೋಗಿಯಲ್ಲಿ ಅರಿಷಿಣದ ವಾಸನೆ ಉಳಿದಿತ್ತು.

ಜೇಜುರಿ ಸುತ್ತಲಿನ ಪುರಂದರ ತಾಲ್ಲೂಕು ಸೀತಾಫಲ, ಅಂಜೂರಕ್ಕೆ ಹೆಸರಾದದ್ದು. ಶಿಂದವಣೆಯ ಇಳಿಜಾರಿನಲ್ಲಿ ಗಾಡಿ ಮತ್ತೆ ಬಳುಕಿ ಪುಣೆಯ ಬಯಲಿಗೆ ಬಂತು. ಪುಣೆಯ ಬಗ್ಗೆ ಹೇಳುವುದೇನಿದೆ, ಅರ್ಧ ಬೋಗಿ ಖಾಲಿಯಾಗಿ ಅದಕ್ಕಿಂತ ಹೆಚ್ಚು ತುಂಬಿತು.

ಬನವಾಸಿಯ ಸೆಟ್ಟಿ ಕಟ್ಟಿಸಿದ ಗುಹೆ

ತಳೇಗಾಂವ ದಾಟಿ ಲೋಣಾವಳಕ್ಕೆ ಮೊದಲು ಮಳವಲಿ ಎಂಬ ಸಣ್ಣ ಸ್ಟೇಷನ್. ಒಂದು ಬದಿ ಲೋಹಗಡ, ವಿಸಾಪುರ ಕೋಟೆಗಳು, ಭಾಜಾ ಗುಹೆ. ಇನ್ನೊಂದು ಬದಿಯ ಗುಡ್ಡದಲ್ಲಿ ಕಾರ್ಲಾ. ಎರಡು ಸಾವಿರ ವರ್ಷ ಹಳೆಯ, ಭಾರತದ ಅತಿ ದೊಡ್ಡ ಬೌದ್ಧ ಚೈತ್ಯಗುಹೆ ಅದು. ಅದನ್ನು ಮಾಡಿಸಿದವನು ವೈಜಯಂತಿಯ ವ್ಯಾಪಾರಿ ಭೂತಪಾಲ ಎಂದು ಅಲ್ಲಿನ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ. ಹಳಿ ಇಲ್ಲದ ಕಾಲದಲ್ಲಿ ಎತ್ತಿನ ಮೇಲೆ ಸರಕು ಹೇರಿಕೊಂಡು ಘಟ್ಟದ ತಲೆಯ ಈ ದಾರಿಗೆ ಬಂದ ಕನ್ನಡ ನೆಲದ ಸೆಟ್ಟಿ, ಕಲ್ಲಿನಲ್ಲಿ ಹೆಸರು ಬಿಟ್ಟು ಹೋಗಿದ್ದಾನೆ. ರೈಲಿನಲ್ಲಿ ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಲೋಣಾವಳದಲ್ಲಿ ಚಿಕ್ಕಿ ಮಾರುವವರು ಹತ್ತಿದರು. ಗಾಡಿ ಖಂಡಾಳ ಬಿಟ್ಟಿತು, ನೆಲ ಕೈಬಿಟ್ಟಿತು.

ಬೋರ್ ಘಾಟ್. ಒಂದು ಸುರಂಗದ ಕತ್ತಲು, ಹೊರಗೆ ಬಂದರೆ ಬೆಳ್ಳಗೆ ಮಂಜು, ಮತ್ತೆ ಸುರಂಗ. ಮಂಜು ಹರಿದ ಕಡೆ ಪಾತಾಳದಂಥ ಕಣಿವೆ. ಎದುರಿನ ಕಡಿದಾದ ಬಂಡೆಯ ಮೇಲಿಂದ ಹತ್ತಾರು ನೀರಿನ ಎಳೆ, ಕೆಲವು ಕೆಳಗೆ ಮುಟ್ಟುವ ಮೊದಲೇ ಗಾಳಿಗೆ ಹೊಗೆಯಾಗುತ್ತಿದ್ದವು. ಕಿಟಕಿಯಿಂದ ಕೈ ಹೊರಗಿಟ್ಟರೆ ತಣ್ಣನೆಯ ತುಂತುರು. ಬಾಗಿಲಲ್ಲಿ ನಿಲ್ಲಬೇಡಿ ಎಂದು ಪದೇಪದೇ ಹೇಳುತ್ತಾರೆ. ಆ ಮಾತು ಕೇಳಲೇಬೇಕು, ಇಲ್ಲಿ ಹಳಿಯ ಅಂಚಿಗೇ ಪ್ರಪಾತ.

ಇಲ್ಲಿ ಗಾಡಿ ನಿಧಾನ. ಏರುವುದಕ್ಕಿಂತ ಇಳಿಯುವುದು ಅಪಾಯ. ಇಳಿಜಾರಿನಲ್ಲಿ ಅಲ್ಲಲ್ಲಿ ಒಂದು ಕವಲು ಹಳಿ ಗುಡ್ಡದ ಮೇಲಕ್ಕೆ ಹೋಗಿ ಸುಮ್ಮನೆ ಮುಗಿದುಬಿಡುತ್ತದೆ. ಹೊಸಬರಿಗೆ ಅದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣುತ್ತದೆ. ಬ್ರೇಕ್ ತಪ್ಪಿದ ಗಾಡಿ ಬಂದರೆ ಅದನ್ನು ಆ ಏರಿಗೆ ಹತ್ತಿಸಿ ನಿಲ್ಲಿಸಲು ಮಾಡಿದ ವ್ಯವಸ್ಥೆ ಅದು. ಹಿಡಿತದಲ್ಲಿದೆ ಎಂದು ಖಾತ್ರಿಯಾದ ಗಾಡಿಗೆ ಮಾತ್ರ ಮುಂದಿನ ದಾರಿ ತೆರೆಯುತ್ತದೆ. ವಾಪಸ್ ಬರುವಾಗ ಕರ್ಜತದಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್ ಕೂಡಿಸುತ್ತಾರೆ. ಅವು ಘಟ್ಟದುದ್ದಕ್ಕೂ ಹಿಂದಿನಿಂದ ನೂಕುತ್ತವೆ.

━━ ಘಟ್ಟ ಕೊರೆದವರು ━━
*ಬೋರ್ ಘಾಟಿನ ಕೆಲಸ ಶುರುವಾದದ್ದು 1856ರಲ್ಲಿ, ಮುಗಿದದ್ದು 1863ರಲ್ಲಿ. ಸುಮಾರು 25 ಕಿ.ಮೀ. ದಾರಿಯಲ್ಲಿ 1,831 ಅಡಿ ಏರು. ಕಡಿದಾದ ಕಡೆ 37 ಅಡಿಗೆ ಒಂದು ಅಡಿ ಏರುತ್ತದೆ. ಆಗ ಕೊರೆದ ಸುರಂಗಗಳು 25.*
*1859ರಲ್ಲಿ ಗುತ್ತಿಗೆ ಹಿಡಿದು ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ದಿನಗಳಲ್ಲಿ ರೋಗಕ್ಕೆ ಬಲಿಯಾದ. ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆ ಬಿಡಲಿಲ್ಲ; ಎಂಜಿನಿಯರುಗಳನ್ನು ನೇಮಿಸಿ ಕೆಲಸ ಮುಗಿಸಿದಳು.*
*ಕೆಲಸ ಜೋರಾಗಿದ್ದಾಗ 40 ಸಾವಿರಕ್ಕೂ ಹೆಚ್ಚು ಕೂಲಿಗಳು ಇದ್ದರು. ಕಾಲರಾ, ಸಿಡಿಮದ್ದು, ಕುಸಿತಗಳಿಗೆ ಸತ್ತವರು ಹತ್ತಾರು ಸಾವಿರ ಎಂಬ ಅಂದಾಜಿದೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.*

ಖಂಡಾಳದ ಅಂಚು ದಾಟಿದ ಮೇಲೆ ಬಿದ್ದ ಮಳೆ ನಮ್ಮದಲ್ಲ. ಅದು ಉಲ್ಹಾಸ ನದಿಗೆ ಸೇರಿ ಒಂದೆರಡು ದಿನದಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಕೃಷ್ಣೆಯ ನೀರಿಗೆ ಮಾತ್ರ ಬಂಗಾಳ ಕೊಲ್ಲಿಗೆ ಹೋಗುವ ತನಕ 1,400 ಕಿಲೋಮೀಟರಿನ ದಾರಿ. ಅಜ್ಜಿ ಹೇಳಿದ ‘ಮ್ಯಾಲ’ ಇಲ್ಲಿಗೆ ಮುಗಿಯಿತು. ಸಹ್ಯಾದ್ರಿಯ ಈ ನೆತ್ತಿಯೇ ಅದು.

ಕರ್ಜತದಲ್ಲಿ ಬಿಸಿ ವಡಾ. ಕಲ್ಯಾಣ ಬರುವ ಹೊತ್ತಿಗೆ ಕತ್ತಲಾಗಿ, ಪಕ್ಕದ ಹಳಿಗಳಲ್ಲಿ ಲೋಕಲ್ ಗಾಡಿಗಳು ಜೇನುಹುಳದಂತೆ ಜನ ತುಂಬಿಕೊಂಡು ಓಡುತ್ತಿದ್ದವು. ಠಾಣೆಯಿಂದ ಮುಂದಿನದು ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ದಾರಿ: 1853ರ ಏಪ್ರಿಲ್ 16, ಬೋರಿಬಂದರದಿಂದ ಠಾಣೆಗೆ 34 ಕಿಲೋಮೀಟರ್, ಹದಿನಾಲ್ಕು ಬೋಗಿ, ಸುಮಾರು 400 ಜನ. ಮಿರಜಿನಿಂದ ಹೊರಟ ಗಾಡಿ ಸುಮಾರು 470 ಕಿಲೋಮೀಟರ್ ಓಡಿ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಎತ್ತರದ ಕಮಾನುಗಳ ಕೆಳಗೆ ನಿಂತಿತು. ರಾತ್ರಿ ಗಾಡಿಯಲ್ಲಿ ಬಂದಿದ್ದರೆ ನನ್ನ ಹಣೆಯ ಮೇಲೆ ಭಂಡಾರ ಇರುತ್ತಿರಲಿಲ್ಲ.

ನಮಗೂ ಒಂದು ಹಗಲುಗಾಡಿ ಬೇಕು

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಶುರುವಾಯಿತು. ಹಗಲಿನ ಗಾಡಿ, ವೇಗದ ಗಾಡಿ, ಸಂತೋಷ. ಆದರೆ ಶುರುವಾದಾಗ ನಮ್ಮ ಐದು ತಾಲ್ಲೂಕುಗಳ ಒಂದು ಸ್ಟೇಷನ್ನಿಗೂ ಅದರಲ್ಲಿ ನಿಲುಗಡೆ ಸಿಗಲಿಲ್ಲ. ರಾಯಬಾಗ, ಕುಡಚಿಯ ಜನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅದು ಹಾದುಹೋಗುವುದನ್ನು ನೋಡುತ್ತಾರೆ.

ಬಾಗಲಕೋಟೆ–ಕುಡಚಿ ಹೊಸ ಮಾರ್ಗ 142 ಕಿಲೋಮೀಟರಿನದು. ಮಂಜೂರಾಗಿ ಹತ್ತು ವರ್ಷಕ್ಕಿಂತ ಹೆಚ್ಚಾಯಿತು, ಕೆಲಸ ಬಾಗಲಕೋಟೆಯ ಕಡೆಯಿಂದ ನಿಧಾನವಾಗಿ ಬರುತ್ತಿದೆ. ಅದು ಮುಗಿದರೆ ಕುಡಚಿ ಜಂಕ್ಷನ್ ಆಗುತ್ತದೆ. ಪುಣೆಯಿಂದ ಲೋಂಡಾವರೆಗಿನ ಜೋಡಿ ಹಳಿಯ ಕೆಲಸವೂ ಕೈಗೂಡುತ್ತಿರುವಾಗ, ಬೆಳಗಾವಿಯಿಂದ ಬೆಳಿಗ್ಗೆ ಹೊರಟು ರಾಯಬಾಗ, ಕುಡಚಿ, ಶೇಡಬಾಳದಲ್ಲಿ ನಿಂತು ಸಂಜೆಗೆ ಮುಂಬೈ ಮುಟ್ಟುವ ಒಂದು ಗಾಡಿ ಕೇಳುವುದು ದುರಾಸೆಯಲ್ಲ. ಅಥಣಿಯ ಚಪ್ಪಲಿ ಮಾಡುವವರು, ನಿಪ್ಪಾಣಿಯ ವ್ಯಾಪಾರಸ್ಥರು, ಕಾಲೇಜಿನ ಹುಡುಗರು, ಮಗಳ ಮನೆಗೆ ಹೊರಟ ಅಜ್ಜಿಯರು ನಡುರಾತ್ರಿ ಮಿರಜಿನ ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು ತಪ್ಪುತ್ತದೆ. ನಮ್ಮ ಸಂಸದರು, ಶಾಸಕರು ಇದನ್ನು ಒಟ್ಟಾಗಿ ಕೇಳಬೇಕು.

ಅದು ಬರುವ ತನಕ ಇರುವ ಗಾಡಿ ಬಿಡಬೇಡಿ. ದೀಪಾವಳಿಯೊಳಗೆ ಹೋದರೆ ಗುಡ್ಡ ಇನ್ನೂ ಹಸಿರಾಗಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಕಿಟಕಿ ಅವರಿಗೆ ಬಿಡಿ, ವಾಠಾರ ದಾಟಿದ ಮೇಲೆ ಮಳೆಹನಿಯ ಕಥೆ ಹೇಳಿ. ಗಾಡಿ ನಂಬರ್ 11030, ಕೊಯ್ನಾ ಎಕ್ಸ್‌ಪ್ರೆಸ್. ಕೊಲ್ಹಾಪುರದಿಂದ ಪ್ರತಿದಿನ ಬೆಳಿಗ್ಗೆ ಹೊರಡುತ್ತದೆ.